ತಿಂಗಳಿಗೇ ಮರಿ ಕೊಟ್ಟರೆ ಬೇಗ ಒಗ್ಗುತ್ತದೆಯೇ?

ಪ್ರಶ್ನೆ: ನಮ್ಮ ಮನೆಯ ಲ್ಯಾಬ್ರಡಾರ್ ಎರಡನೇ ಸಲ ಮರಿ ಹಾಕಿದ್ದಾಳೆ. ಏಳು ಮರಿ, ಇವತ್ತಿಗೆ 26 ದಿನ. ಎರಡು ವರ್ಷದ ಹಿಂದೆ ಮೊದಲ ಸೂಲಿನ ಆರು ಮರಿಗಳನ್ನು 35ನೇ ದಿನಕ್ಕೇ ಕೊಟ್ಟುಬಿಟ್ಟಿದ್ದೆವು. ಅವುಗಳಲ್ಲಿ ಒಂದಕ್ಕೆ ಹೊಸ ಮನೆ ಸೇರಿದ ಐದನೇ ದಿನ ವಾಂತಿಭೇದಿ ಶುರುವಾಯಿತು. ಪಾರ್ವೊ ವೈರಸ್ ಸೋಂಕು ಎಂದರು, ಮರಿ ಉಳಿಯಲಿಲ್ಲ. 'ಒಂದು ಲಸಿಕೆ ಆಗಿದೆ' ಎಂದು ಹೇಳಿ ಕೊಟ್ಟವಳು ನಾನೇ. ಇನ್ನೊಂದು ಮರಿ ಮಕ್ಕಳನ್ನು ರಕ್ತ ಬರುವಂತೆ ಕಚ್ಚುತ್ತದೆ ಎಂದು ಎಂಟು ತಿಂಗಳಾದ ಮೇಲೆ ವಾಪಸ್ ಬಂತು. ಆ ಗಂಡು ನಾಯಿ ಈಗ ನಮ್ಮಲ್ಲೇ ಇದೆ. ಮೂರನೆಯದು ಮನೆಗೆ ಯಾರಾದರೂ ಬಂದರೆ ಮಂಚದ ಕೆಳಗೆ ಸೇರಿಕೊಂಡು ಸಂಜೆಯವರೆಗೆ ಹೊರಗೆ ಬರುವುದಿಲ್ಲವಂತೆ. ಈ ಸಲ ಹಾಗಾಗಬಾರದೆಂದು ಮರಿಗಳನ್ನು ಒಂದು ಕೋಣೆಯಲ್ಲಿಟ್ಟು, ನನ್ನ ಹೊರತು ಯಾರೂ ಮುಟ್ಟದಂತೆ ನೋಡಿಕೊಂಡಿದ್ದೇನೆ. ತೆಗೆದುಕೊಳ್ಳುವವರು ಮಾತ್ರ 'ಚಿಕ್ಕದಿದ್ದಾಗಲೇ ಕೊಡಿ, ಬೇಗ ಒಗ್ಗುತ್ತದೆ' ಎಂದು ಬೆನ್ನು ಬಿದ್ದಿದ್ದಾರೆ. ಒಬ್ಬರು ಎರಡು ಮರಿಗಳನ್ನು ಒಟ್ಟಿಗೆ ಕೇಳಿದ್ದಾರೆ. ಎಷ್ಟು ದಿನಕ್ಕೆ ಕೊಡಬೇಕು, ಅಷ್ಟರೊಳಗೆ ನಾನು ಏನೇನು ಮಾಡಬೇಕು? ವಾಪಸ್ ಬಂದ ನಾಯಿಯನ್ನು ಮರಿಗಳ ಹತ್ತಿರ ಬಿಡಬಹುದೇ?

ಉತ್ತರ: ದಿನದ ಲೆಕ್ಕವನ್ನು ಮೊದಲು ಹೇಳಿಬಿಡುತ್ತೇನೆ. 56 ದಿನ ತುಂಬುವ ಮುಂಚೆ ಒಂದು ಮರಿಯನ್ನೂ ಮನೆಯಿಂದ ಕಳಿಸಬೇಡಿ. ಯಾರು ಎಷ್ಟೇ ಅವಸರ ಮಾಡಿದರೂ ಇದರಲ್ಲಿ ರಿಯಾಯಿತಿ ಬೇಡ.

ಉಳಿದದ್ದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ನಿಮ್ಮ ಪತ್ರದಲ್ಲಿರುವ ಮೂರು ಮರಿಗಳ ಕಥೆ ಮೂರು ಬಗೆಯದು. ಸತ್ತದ್ದಕ್ಕೆ ಒಂದು ಕಾರಣ, ಕಚ್ಚಿದ್ದಕ್ಕೆ ಇನ್ನೊಂದು, ಮಂಚದ ಕೆಳಗೆ ಸೇರಿಕೊಂಡದ್ದಕ್ಕೆ ಮತ್ತೊಂದು. ಮೂರನ್ನೂ ಒಂದೇ ತಪ್ಪಿನ ಫಲ ಎಂದುಕೊಂಡು ನೀವು ಈಗ ಕೋಣೆಯ ಬಾಗಿಲು ಹಾಕಿ ಕುಳಿತಿದ್ದೀರಿ. ಹೋದ ಸಲ ಬೇಗ ಕೊಟ್ಟು ಕೆಡಿಸಿಕೊಂಡಿರಿ, ಈ ಸಲ ಬಚ್ಚಿಟ್ಟು ಕೆಡಿಸಿಕೊಳ್ಳುವ ಹಾದಿಯಲ್ಲಿದ್ದೀರಿ. ಹೀಗೆ ಹೇಳಿದೆನೆಂದು ನೊಂದುಕೊಳ್ಳಬೇಡಿ. 26ನೇ ದಿನವೆಂದರೆ ಏನೂ ಕೈಮೀರಿಲ್ಲ, ಕೆಲಸ ಶುರುವಾಗುವುದೇ ಈಗ.

ಐದನೇ ವಾರದಿಂದ ಎಂಟನೇ ವಾರದವರೆಗೆ

ಹುಟ್ಟಿದ ಮರಿಗೆ ಕಣ್ಣೂ ಇಲ್ಲ, ಕಿವಿಯೂ ಇಲ್ಲ. ಹತ್ತರಿಂದ ಹದಿನಾಲ್ಕು ದಿನದೊಳಗೆ ಕಣ್ಣು ಬಿಡುತ್ತದೆ, ಮೂರನೇ ವಾರದ ಹೊತ್ತಿಗೆ ಕಿವಿ ತೆರೆಯುತ್ತದೆ. ಅಲ್ಲಿಂದ ಸುಮಾರು ಹನ್ನೆರಡನೇ ವಾರದವರೆಗೆ ಅದು ಕಂಡದ್ದು, ಕೇಳಿದ್ದು, ಮೂಸಿದ್ದು ಎಲ್ಲವೂ 'ಇದು ನನ್ನ ಲೋಕದ್ದು' ಎಂಬ ಲೆಕ್ಕಕ್ಕೆ ಜಮೆಯಾಗುತ್ತದೆ. ಆ ಅವಧಿಯಲ್ಲಿ ಕಾಣದೇ ಹೋದದ್ದು ಮುಂದೆ ಎದುರಾದಾಗ ಮೊದಲು ಹುಟ್ಟುವುದು ಅನುಮಾನ. ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ವರ್ಷಗಟ್ಟಲೆ ನಾಯಿಮರಿಗಳನ್ನು ಗಮನಿಸಿ ಇದನ್ನು ದಾಖಲಿಸಿದರು. 1961ರಲ್ಲಿ ಪ್ರಕಟವಾದ ಅಲ್ಲಿನದೇ ಒಂದು ಪ್ರಯೋಗದಲ್ಲಿ, ಎತ್ತರದ ಬೇಲಿಯೊಳಗೆ ಮನುಷ್ಯರ ಸಂಪರ್ಕವಿಲ್ಲದೆ ಬೆಳೆದ ಮರಿಗಳನ್ನು ಬೇರೆ ಬೇರೆ ವಯಸ್ಸಿನಲ್ಲಿ ಒಂದೊಂದು ವಾರ ಜನರ ಜೊತೆ ಆಡಲು ಬಿಟ್ಟರು. ಹದಿನಾಲ್ಕು ವಾರದವರೆಗೂ ಮನುಷ್ಯರನ್ನೇ ಕಾಣದ ಮರಿಗಳು ಹೆಚ್ಚುಕಡಿಮೆ ಕಾಡುಪ್ರಾಣಿಗಳಂತಾಗಿದ್ದವು. ಆಮೇಲೆ ಎಷ್ಟು ಮುದ್ದು ಮಾಡಿದರೂ ಅವು ಪೂರ್ತಿ ಪಳಗಲಿಲ್ಲ.

ಈಗ 'ಚಿಕ್ಕದಿದ್ದಾಗಲೇ ತಂದರೆ ಒಗ್ಗುತ್ತದೆ' ಎಂಬ ಮಾತಿಗೆ ಬರೋಣ. ಇದು ಪೂರ್ತಿ ಸುಳ್ಳಲ್ಲ, ಅರ್ಧ ನಿಜ. ಮನುಷ್ಯರಿಗೆ ಒಗ್ಗುವ ಬಾಗಿಲು ಹನ್ನೆರಡು ವಾರದವರೆಗೆ ತೆರೆದೇ ಇರುತ್ತದೆ. ಎಂಟು ವಾರಕ್ಕೆ ಹೊಸ ಮನೆಗೆ ಹೋದ ಮರಿಗೂ ಆ ಮನೆಯವರನ್ನು ಹಚ್ಚಿಕೊಳ್ಳಲು ತಿಂಗಳ ಕಾಲಾವಕಾಶ ಉಳಿದಿರುತ್ತದೆ. ಆದರೆ ನಾಯಿಗೆ ನಾಯಿಯೇ ಕಲಿಸಬೇಕಾದ ಪಾಠಗಳಿಗೆ ಆ ಕಾಲಾವಕಾಶ ಇಲ್ಲ. ಅವು ನಡೆಯುವುದು ಐದರಿಂದ ಎಂಟನೇ ವಾರದಲ್ಲಿ, ತಾಯಿ ಮತ್ತು ಒಡಹುಟ್ಟಿದವುಗಳ ನಡುವೆ.

ಕಚ್ಚುವುದನ್ನೇ ತೆಗೆದುಕೊಳ್ಳಿ. ಮೂರನೇ ವಾರದಿಂದ ಆರನೇ ವಾರದೊಳಗೆ ಹಾಲುಹಲ್ಲು ಮೂಡುತ್ತವೆ, ಅವು ಸೂಜಿಯಷ್ಟು ಚೂಪು. ಒಂದು ಮರಿ ಇನ್ನೊಂದರ ಕಿವಿಯನ್ನು ಜೋರಾಗಿ ಕಚ್ಚಿತು ಅನ್ನಿ, ಅದು ಕುಂಯ್ಯೆಂದು ಕಿರುಚಿ ಆಟ ಬಿಟ್ಟು ಹೋಗುತ್ತದೆ. ತಾಯಿಯ ಮೊಲೆಗೆ ಹಲ್ಲು ತಗುಲಿದರೆ ತಾಯಿ ಗುರುಗುಟ್ಟಿ ಎದ್ದು ನಡೆಯುತ್ತದೆ. ದಿನಕ್ಕೆ ನೂರು ಸಲ ಹೀಗಾದ ಮೇಲೆ ಎಷ್ಟು ಬಿಗಿ ಹಿಡಿದರೆ ಆಟ, ಎಷ್ಟಾದರೆ ನೋವು ಎಂಬುದು ಮರಿಯ ದವಡೆಗೆ ತಿಳಿಯುತ್ತದೆ. ನೀವು 35ನೇ ದಿನಕ್ಕೆ ಕೊಟ್ಟ ಮರಿ ಹಲ್ಲು ಬಂದ ಕೂಡಲೇ ಶಾಲೆ ಬಿಟ್ಟಂತಾಯಿತು. ಎಲ್ಲ ಕಚ್ಚುವಿಕೆಗೂ ಇದೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ವಂಶದ ಸ್ವಭಾವ, ಎಲ್ಲೋ ಇರುವ ನೋವು, ಆ ಮನೆಯ ಮಕ್ಕಳು ಅದನ್ನು ಹೇಗೆ ಎತ್ತಿದರು, ಮಲಗಿದ್ದಾಗ ಕೆಣಕಿದರೇ ಎಂಬುದೂ ಸೇರುತ್ತದೆ. ಆದರೂ ನನ್ನ ಚಿಕಿತ್ಸಾಲಯಕ್ಕೆ 'ಆಟದಲ್ಲೂ ರಕ್ತ ಬರಿಸುತ್ತದೆ' ಎಂದು ಬರುವ ಮರಿಗಳನ್ನು ತಂದ ದಿನ ಯಾವುದೆಂದು ಕೇಳಿದರೆ, ತಿಂಗಳಿಗೇ ತಂದೆವು ಎಂಬ ಉತ್ತರ ಮತ್ತೆ ಮತ್ತೆ ಬರುತ್ತದೆ. ಇಟಲಿಯ ಸಂಶೋಧಕರು 2011ರಲ್ಲಿ 30ರಿಂದ 40 ದಿನಕ್ಕೆ ತಾಯಿಯಿಂದ ಅಗಲಿದ ನಾಯಿಗಳನ್ನೂ ಎರಡು ತಿಂಗಳಿಗೆ ಅಗಲಿದವನ್ನೂ ಹೋಲಿಸಿದರು. ಬೇಗ ಅಗಲಿದವುಗಳಲ್ಲಿ ಅತಿಯಾಗಿ ಬೊಗಳುವುದು, ಸದ್ದಿಗೆ ಬೆಚ್ಚುವುದು, ಹೊರಗೆ ಕರೆದೊಯ್ದಾಗ ಹೆದರುವುದು, ಆಟಿಕೆಯನ್ನು ಬಿಟ್ಟುಕೊಡದಿರುವುದು ಎಲ್ಲವೂ ಹೆಚ್ಚು ಕಂಡುಬಂದವು.

ಹಾಗಾದರೆ ಇನ್ನೂ ತಡಮಾಡಿ, ಮೂರು ತಿಂಗಳಿಗೆ ಕೊಟ್ಟರೆ? ತೀರಾ ಚಿಕ್ಕ ಗಾತ್ರದ ತಳಿಗಳನ್ನು ಹತ್ತು ಹನ್ನೆರಡು ವಾರ ಇಟ್ಟುಕೊಳ್ಳುವುದು ವಾಡಿಕೆ, ಏಕೆಂದರೆ ಒಂದು ಹೊತ್ತು ಊಟ ಬಿಟ್ಟರೂ ಅವುಗಳ ರಕ್ತದ ಸಕ್ಕರೆ ಕುಸಿಯುತ್ತದೆ. ಲ್ಯಾಬ್ರಡಾರ್‌ಗೆ ಆ ಕಾರಣ ಇಲ್ಲ. ಇಟ್ಟುಕೊಳ್ಳಬಾರದು ಎಂದೇನಿಲ್ಲ, ಆದರೆ ಇಟ್ಟುಕೊಂಡಷ್ಟು ದಿನ ಹೊರಗಿನ ಜಗತ್ತನ್ನು ಪರಿಚಯಿಸುವ ಹೊಣೆ ನಿಮ್ಮದು. ಏಳು ಮರಿಗಳಿಗೆ ಒಂದೊಂದಾಗಿ ಅದನ್ನು ಮಾಡುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಎಂಟರಿಂದ ಒಂಬತ್ತು ವಾರದ ನಡುವೆ ಕಳಿಸಿ. ಅವಸರದಲ್ಲಿರುವವರಿಗೆ ವಾರಕ್ಕೊಮ್ಮೆ ಬಂದು ಅರ್ಧ ಗಂಟೆ ಮರಿಗಳ ಜೊತೆ ನೆಲದ ಮೇಲೆ ಕುಳಿತು ಹೋಗಲು ಹೇಳಿ. ಅವರ ಆಸೆಯೂ ತೀರುತ್ತದೆ, ನಿಮ್ಮ ಮರಿಗಳಿಗೆ ಹೊಸ ಮುಖಗಳೂ ಸಿಗುತ್ತವೆ. ಅದಕ್ಕೂ ಪುರುಸೊತ್ತಿಲ್ಲ ಎನ್ನುವವರಿಗೆ ಮರಿ ಸಾಕಲು ಪುರುಸೊತ್ತು ಎಲ್ಲಿಂದ ಬರುತ್ತದೆ ಎಂದು ನೀವೇ ಯೋಚಿಸಿ.

'ಒಂದು ಲಸಿಕೆ ಆಗಿದೆ' ಎಂಬ ಮಾತು

ನೀವು ಸುಳ್ಳು ಹೇಳಲಿಲ್ಲ. ಆದರೆ ಆ ಮಾತನ್ನು ನೀವೂ ಅವರೂ ಒಂದೇ ಅರ್ಥದಲ್ಲಿ ಕೇಳಿಸಿಕೊಳ್ಳಲಿಲ್ಲ. ಲಸಿಕೆ ಆಗಿದೆ ಎಂದರೆ ರಕ್ಷಣೆ ಸಿಕ್ಕಿದೆ ಎಂದು ಅವರು ತಿಳಿದರು.

ಮರಿ ಹುಟ್ಟಿದ ಮೊದಲ ದಿನ ಕುಡಿಯುವ ಗಿಣ್ಣುಹಾಲಿನಲ್ಲಿ ತಾಯಿಯ ಪ್ರತಿಕಾಯಗಳಿರುತ್ತವೆ. 24 ಗಂಟೆ ಕಳೆದರೆ ಮರಿಯ ಕರುಳು ಅವನ್ನು ರಕ್ತಕ್ಕೆ ಸೇರಿಸಿಕೊಳ್ಳುವುದನ್ನು ನಿಲ್ಲಿಸಿಬಿಡುತ್ತದೆ. ಹೀಗೆ ಪಡೆದ ಪಾರ್ವೊ ಪ್ರತಿಕಾಯ ಸುಮಾರು ಹತ್ತು ದಿನಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತ ಹೋಗುತ್ತದೆ. ಅದು ಹೆಚ್ಚಿರುವವರೆಗೆ ಮರಿಗೆ ರೋಗ ತಗಲದು, ಆದರೆ ಕೊಟ್ಟ ಲಸಿಕೆಯನ್ನೂ ಅದು ನಿಷ್ಫಲ ಮಾಡುತ್ತದೆ. ಇಳಿಯುತ್ತ ಇಳಿಯುತ್ತ ಒಂದು ಹಂತಕ್ಕೆ ಬಂದಾಗ ರೋಗವನ್ನು ತಡೆಯಲು ಸಾಲದು, ಲಸಿಕೆಯನ್ನು ಕೆಡಿಸಲು ಮಾತ್ರ ಸಾಕಾಗುತ್ತದೆ. ಆ ಕೆಲವು ದಿನಗಳ ಸಂದಿಯಲ್ಲೇ ಪಾರ್ವೊ ನುಗ್ಗುವುದು. ಈ ಸಂದಿ ಯಾವ ವಾರ ಬರುತ್ತದೆಂದು ಹೊರಗಿನಿಂದ ಹೇಳಲಾಗದು. ಒಂದೇ ಸೂಲಿನಲ್ಲೂ ಗಿಣ್ಣುಹಾಲು ಹೊಟ್ಟೆ ತುಂಬ ಕುಡಿದ ಮರಿಗೆ ಒಂದು ಸಮಯ, ಮೂಲೆಗೆ ಸರಿದು ಉಳಿದ ಮರಿಗೆ ಇನ್ನೊಂದು. ಅದಕ್ಕೇ ಆರರಿಂದ ಎಂಟು ವಾರದ ನಡುವೆ ಆರಂಭಿಸಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ ಲಸಿಕೆ ಕೊಡುತ್ತ, ಕೊನೆಯ ಡೋಸ್ ಹದಿನಾರು ವಾರ ತುಂಬಿದಾಗ ಅಥವಾ ಆಮೇಲೆ ಬರುವಂತೆ ನೋಡಿಕೊಳ್ಳುತ್ತೇವೆ. ಇದನ್ನು 'ಔಷಧ ಕಂಪನಿಯವರ ಲಾಭಕ್ಕೆ' ಎನ್ನುವವರು ಇದ್ದಾರೆ. ಒಂದು ಪಾರ್ವೊ ಮರಿಯ ಪಕ್ಕದಲ್ಲಿ ರಾತ್ರಿಯಿಡೀ ಡ್ರಿಪ್ ಹಿಡಿದು ಕುಳಿತರೆ ಆ ಅನುಮಾನ ಹೋಗುತ್ತದೆ.

ಹಾಗಾಗಿ ಎಂಟು ವಾರದ ಯಾವ ಮರಿಯೂ 'ಲಸಿಕೆ ಮುಗಿದ ಮರಿ' ಅಲ್ಲ. ನೀವು ಕೊಡುವಾಗ ಹೇಳಬೇಕಾದದ್ದು ಇಷ್ಟು: ಮೊದಲ ಡೋಸ್ ಇಂಥ ದಿನ ಆಗಿದೆ, ಮುಂದಿನದು ಇಂಥ ದಿನ ಆಗಬೇಕು, ಹದಿನಾರು ವಾರ ದಾಟುವವರೆಗೆ ಇದು ಅರ್ಧ ರಕ್ಷಣೆಯ ಮರಿ. ರೇಬೀಸ್ ಲಸಿಕೆ ಸಾಮಾನ್ಯವಾಗಿ ಹನ್ನೆರಡು ವಾರಕ್ಕೆ, ಅದು ಹೊಸ ಮನೆಯವರ ಪಾಲು. ಮೊದಲ ಡೋಸನ್ನು ಮರಿ ಮನೆ ಬಿಡುವುದಕ್ಕೆ ಕನಿಷ್ಠ ಒಂದು ವಾರ ಮುಂಚೆ ಹಾಕಿಸಿ. ಹೊರಡುವ ದಿನ ಬೆಳಿಗ್ಗೆ ಚುಚ್ಚಿಸಿ ಮಧ್ಯಾಹ್ನ ಕಾರು ಹತ್ತಿಸುವ ಪದ್ಧತಿ ಎಲ್ಲೆಡೆ ಇದೆ. ಲಸಿಕೆ ಕೆಲಸ ಮಾಡಲು ದಿನಗಳು ಬೇಕು, ಅದರ ಜೊತೆಗೆ ಪ್ರಯಾಣ ಮತ್ತು ಅಗಲಿಕೆಯ ಒತ್ತಡವೂ ಸೇರುತ್ತದೆ. ನಿಮ್ಮ ಮರಿಗಳಿಗೆ ಏಳನೇ ವಾರದ ಆರಂಭದಲ್ಲಿ ಹಾಕಿಸಿ ಎನ್ನುತ್ತೇನೆ. ಸುತ್ತಮುತ್ತ ಪಾರ್ವೊ ಕಾಣಿಸಿಕೊಂಡಿದ್ದರೆ ಇನ್ನೂ ಮುಂಚೆ ಆರಂಭಿಸಬೇಕಾಗಬಹುದು, ಅದನ್ನು ನಿಮ್ಮ ಪಶುವೈದ್ಯರು ನಿರ್ಧರಿಸಲಿ.

ಸತ್ತ ಮರಿಗೆ ಸೋಂಕು ನಿಮ್ಮ ಮನೆಯಲ್ಲೇ ತಗುಲಿತೇ? ನೀವು ಕೇಳಿಲ್ಲ, ಆದರೆ ಪತ್ರದುದ್ದಕ್ಕೂ ಆ ಪ್ರಶ್ನೆ ಇದೆ. ಸೋಂಕು ಹೊಕ್ಕ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ ಮೂರರಿಂದ ಏಳು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು. ಐದನೇ ದಿನ ಶುರುವಾದದ್ದರಿಂದ ಎರಡೂ ಸಾಧ್ಯ. ಆದರೆ ಆ ಸೂಲಿನ ಉಳಿದ ಐದೂ ಮರಿಗಳು ಬದುಕಿದವು ಎಂದು ನಿಮ್ಮ ಪತ್ರದಿಂದ ತೋರುತ್ತದೆ. ವೈರಸ್ ನಿಮ್ಮ ಕೋಣೆಯಲ್ಲೇ ಇದ್ದಿದ್ದರೆ ಒಂದೇ ಮರಿ ಕಾಯಿಲೆ ಬೀಳುವುದು ಅಪರೂಪ. ಹಾಗಾಗಿ ಹೊಸ ಮನೆಯಲ್ಲೋ ದಾರಿಯಲ್ಲೋ ತಗುಲಿರುವ ಸಂಭವವೇ ಹೆಚ್ಚು ಎಂದು ನನಗನ್ನಿಸುತ್ತದೆ. ತೆಗೆದುಕೊಳ್ಳುವವರ ಮನೆಯಲ್ಲಿ ಕಳೆದ ಒಂದು ವರ್ಷದಲ್ಲಿ ಯಾವುದಾದರೂ ಮರಿ ವಾಂತಿಭೇದಿಯಿಂದ ಸತ್ತಿತ್ತೇ ಎಂದು ಈ ಸಲ ತಪ್ಪದೆ ಕೇಳಿ. ಈ ವೈರಸ್ ಮಣ್ಣಿನಲ್ಲಿ, ನೆಲದ ಬಿರುಕಿನಲ್ಲಿ ತಿಂಗಳುಗಟ್ಟಲೆ, ನೆರಳು ತೇವ ಇದ್ದರೆ ವರ್ಷದವರೆಗೂ ಬದುಕುತ್ತದೆ. ನೆಲ ಒರೆಸುವ ಸಾಮಾನ್ಯ ಸುವಾಸನೆಯ ದ್ರಾವಣಗಳಿಗೆ ಅದು ಜಗ್ಗುವುದಿಲ್ಲ. ಮೊದಲು ಕೊಳೆ ತೊಳೆದು, ಆಮೇಲೆ ಒಂದು ಪಾಲು ಮನೆಬಳಕೆಯ ಬ್ಲೀಚ್‌ಗೆ ಮೂವತ್ತು ಪಾಲು ನೀರು ಬೆರೆಸಿ, ನೆಲ ಹತ್ತು ನಿಮಿಷ ಒದ್ದೆಯಾಗಿರುವಂತೆ ಬಿಡಬೇಕು.

ಜಂತುಹುಳುವಿನ ವಿಷಯವನ್ನೂ ಇಲ್ಲೇ ಮುಗಿಸುತ್ತೇನೆ. 'ಮರಿಗಳು ಮಣ್ಣೇ ಮುಟ್ಟಿಲ್ಲ, ಹುಳು ಎಲ್ಲಿಂದ ಬಂತು' ಎಂದು ಕೇಳುವವರು ಬಹಳ. ಬರುವುದು ತಾಯಿಯಿಂದ. ದುಂಡುಹುಳುವಿನ ಮರಿಹುಳುಗಳು ತಾಯಿಯ ಮಾಂಸದಲ್ಲಿ ನಿದ್ದೆಯಲ್ಲಿದ್ದು, ಗರ್ಭದ ಕೊನೆಯ ಮೂರು ವಾರಗಳಲ್ಲಿ ಎಚ್ಚೆತ್ತು ಮಾಸಿನ (ಪ್ಲಾಸೆಂಟಾ) ಮೂಲಕ ಮರಿಗೆ ದಾಟುತ್ತವೆ. ಕೊಕ್ಕೆಹುಳು ಮೊಲೆಹಾಲಿನಲ್ಲಿ ಹೋಗುತ್ತದೆ. ಆದ್ದರಿಂದ ಎರಡು, ನಾಲ್ಕು, ಆರು, ಎಂಟು ವಾರಕ್ಕೆ ಮರಿಗಳಿಗೂ, ಅವುಗಳ ಜೊತೆಗೇ ತಾಯಿಗೂ ಔಷಧಿ. ಎರಡನೇ ವಾರದ್ದು ಆಗಿಲ್ಲದಿದ್ದರೆ ನಾಲ್ಕನೆಯದಕ್ಕೆ ಕಾಯದೆ ಇವತ್ತೇ ಆರಂಭಿಸಿ. ಒಂದೊಂದು ಮರಿಯನ್ನೂ ತೂಗಿ, ಆ ತೂಕಕ್ಕೆ ತಕ್ಕ ಪ್ರಮಾಣ ಕೇಳಿ ಪಡೆಯಿರಿ. ಏಳಕ್ಕೂ ಒಂದೇ ಅಳತೆ ಹಾಕಬೇಡಿ. ಮಲವನ್ನು ದಿನವೂ ತೆಗೆಯಿರಿ, ದುಂಡುಹುಳುವಿನ ಮೊಟ್ಟೆ ಸೋಂಕು ಹರಡುವ ಹಂತಕ್ಕೆ ಬರಲು ವಾರಗಳು ಬೇಕು. ಆವರಣಕ್ಕೆ ಬರುವ ಮಕ್ಕಳು ಕೈ ತೊಳೆಯುವುದು ಮರಿಗಳ ರಕ್ಷಣೆಗೆ ಎಷ್ಟು ಮುಖ್ಯವೋ ಮಕ್ಕಳ ರಕ್ಷಣೆಗೂ ಅಷ್ಟೇ ಮುಖ್ಯ.

ಜಗತ್ತನ್ನು ಕೋಣೆಗೆ ತರುವುದು

ಮಂಚದ ಕೆಳಗಿನ ನಾಯಿಯ ಕಾರಣ ಇಲ್ಲಿದೆ. ಮರಿಯಾಗಿದ್ದಾಗ ಅದು ಎಷ್ಟು ಜನರನ್ನು ನೋಡಿತ್ತು? ಐದು ವಾರ ನಿಮ್ಮ ಮನೆಯವರನ್ನು, ಆಮೇಲೆ 'ಲಸಿಕೆ ಮುಗಿಯುವವರೆಗೆ ಹೊರಗೆ ಬೇಡ' ಎಂದು ಹೊಸ ಮನೆಯವರನ್ನು. ಅಷ್ಟರಲ್ಲಿ ಬಾಗಿಲು ಮುಚ್ಚಿತು. ಈಗ ನೀವು ಒಬ್ಬರೇ ಮುಟ್ಟುತ್ತ ಏಳು ಮರಿಗಳಿಗೂ ಅದನ್ನೇ ಮಾಡುತ್ತಿದ್ದೀರಿ.

ಸೋಂಕಿನ ಭಯವೋ, ಹೆದರುಪುಕ್ಕಲು ನಾಯಿಯೋ ಎಂದು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದ ಅಗತ್ಯವೇ ಇಲ್ಲ. ಮರಿಗಳನ್ನು ಹೊರಗೆ ಬಿಡಬೇಡಿ, ಹೊರಗಿನದನ್ನು ಒಳಗೆ ತನ್ನಿ. ಬರುವವರು ಚಪ್ಪಲಿ ಹೊರಗೆ ಬಿಟ್ಟು, ಸೋಪು ಹಾಕಿ ಕೈ ತೊಳೆದು ಬರಲಿ. ಕಾಯಿಲೆಯ ನಾಯಿ ಇರುವ ಮನೆಯಿಂದ ಬರುವವರು ಬೇಡವೇ ಬೇಡ. ಇಷ್ಟು ಕಟ್ಟುನಿಟ್ಟಿದ್ದರೆ ದಿನಕ್ಕೆ ಇಬ್ಬರು ಮೂವರು ಬಂದು ಹೋಗಬಹುದು. ಗಡ್ಡದವರು, ಕನ್ನಡಕದವರು, ಟೋಪಿಯವರು, ಊರುಗೋಲು ಹಿಡಿದ ಅಜ್ಜ, ನೆಲದ ಮೇಲೆ ಕುಳಿತ ಪುಟ್ಟ ಮಗು. ಮಗು ಕುಳಿತೇ ಇರಬೇಕು, ಮರಿಯನ್ನು ಎತ್ತಿಕೊಂಡು ಓಡಾಡಬಾರದು. ಮರಿ ತಾನಾಗಿ ಬಳಿಗೆ ಹೋಗಲಿ. ಕೈ ಚಾಚಿ ಎಳೆದುಕೊಂಡರೆ ನೀವು ಕಲಿಸಿದ್ದು ಸ್ನೇಹವಲ್ಲ.

ಸದ್ದುಗಳನ್ನು ಊಟದ ಹೊತ್ತಿಗೆ ಜೋಡಿಸಿ. ಪಕ್ಕದ ಕೋಣೆಯಲ್ಲಿ ಮಿಕ್ಸರ್ ತಿರುಗಲಿ, ಕರೆಗಂಟೆ ಬಾರಿಸಲಿ, ಒಂದು ಪಾತ್ರೆಯ ಮುಚ್ಚಳ ಬೀಳಲಿ. ಇಲ್ಲಿ ನೋಡಬೇಕಾದದ್ದು ಮರಿ ಬೆಚ್ಚಿತೇ ಎಂಬುದನ್ನಲ್ಲ. ಬೆಚ್ಚಿದ ಮೇಲೆ ಎಷ್ಟು ಹೊತ್ತಿಗೆ ಮತ್ತೆ ತಟ್ಟೆಯ ಕಡೆ ತಿರುಗಿತು ಎಂಬುದನ್ನು. ಕೆಲವು ಕ್ಷಣದಲ್ಲಿ ತಿರುಗಿದರೆ ಆ ಸದ್ದು ಸರಿಯಾದ ಮಟ್ಟದಲ್ಲಿದೆ. ಮೂಲೆಗೆ ಹೋಗಿ ಬಾಲ ಮುದುಡಿ ಕುಳಿತರೆ ಜಾಸ್ತಿಯಾಯಿತು, ಮರುದಿನ ಇನ್ನೂ ದೂರದಿಂದ ಆರಂಭಿಸಿ. ನನಗೆ ಪರಿಚಯದವರೊಬ್ಬರು ಯಾರದೋ ಸಲಹೆ ಕೇಳಿ ಗುಡುಗಿನ ಧ್ವನಿಮುದ್ರಿಕೆಯನ್ನು ದೊಡ್ಡ ಸ್ಪೀಕರಿನಲ್ಲಿ ಹಾಕಿದರು. ಮರಿಗಳಷ್ಟೇ ಅಲ್ಲ, ತಾಯಿಯೂ ಆ ಕೋಣೆಗೆ ಕಾಲಿಡಲು ಎರಡು ದಿನ ಒಪ್ಪಲಿಲ್ಲ.

ಚಿಕ್ಕ ಚಿಕ್ಕ ಕಷ್ಟಗಳನ್ನೂ ಕೊಡಿ. ದಾಟಲು ಒಂದು ಸಣ್ಣ ಹಲಗೆ, ಹತ್ತಲು ಮಡಿಸಿದ ಕಂಬಳಿ, ಕಾಲಡಿಗೆ ಒಮ್ಮೆ ರಬ್ಬರ್ ಚಾಪೆ, ಒಮ್ಮೆ ರಟ್ಟು, ಒಮ್ಮೆ ಒದ್ದೆ ನೆಲ. ಮರಿ ಕುಂಯ್‌ಗುಟ್ಟಿದ ಕೂಡಲೇ ಎತ್ತಿಕೊಳ್ಳುವ ಕೈಗಳನ್ನು ಸ್ವಲ್ಪ ಕಟ್ಟಿಕೊಳ್ಳಿ. ಅಂಧರಿಗೆ ದಾರಿ ತೋರುವ ನಾಯಿಗಳ ಮೇಲೆ ಅಮೆರಿಕದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ನನಗೆ ತುಂಬ ಹಿಡಿಸಿದೆ: ತಾಯಿ ಅತಿಯಾಗಿ ಹತ್ತಿರ ಸುಳಿದು ಮುದ್ದು ಮಾಡಿದ ಮರಿಗಳು ದೊಡ್ಡವಾದ ಮೇಲೆ ತರಬೇತಿಯಲ್ಲಿ ಹೆಚ್ಚು ಸೋತವು. ನಿಂತೇ ಹಾಲು ಕೊಡುತ್ತಿದ್ದ, ಅಂದರೆ ಮೊಲೆಗಾಗಿ ಮರಿ ಕಷ್ಟಪಡುವಂತೆ ಮಾಡಿದ ತಾಯಂದಿರ ಮಕ್ಕಳು ಗೆದ್ದವು. ಹಾಗೆಂದು ತಾಯಿಯನ್ನು ದೂರ ಮಾಡಿ ಎಂದಲ್ಲ. ತಾಯಿಗೆ ಮರಿಗಳು ಹತ್ತಲಾಗದ ಎತ್ತರದಲ್ಲಿ ಒಂದು ಜಾಗ ಮಾಡಿಕೊಡಿ. ಬೇಕೆನಿಸಿದಾಗ ಬರಲಿ, ಸಾಕೆನಿಸಿದಾಗ ಹೋಗಲಿ. ಹಾಲು ಬಿಡಿಸುವ ಕೆಲಸವೂ ಅರ್ಧದಷ್ಟು ಅದರಿಂದಲೇ ಆಗಿಹೋಗುತ್ತದೆ.

ಊಟದ ಬಟ್ಟಲಿನ ಬಗ್ಗೆ ಒಂದು ತಪ್ಪು ನಂಬಿಕೆ ಎಲ್ಲರ ಮನೆಯಲ್ಲೂ ಇದೆ: ತಿನ್ನುವಾಗ ಬಟ್ಟಲಿಗೆ ಕೈ ಹಾಕಿದರೆ, ಮಧ್ಯದಲ್ಲಿ ಕಿತ್ತುಕೊಂಡರೆ, ಮುಂದೆ ಗುರುಗುಟ್ಟುವುದಿಲ್ಲ ಎಂದು. ನಿಮ್ಮ ತಟ್ಟೆಗೆ ಯಾರಾದರೂ ದಿನವೂ ಕೈ ಹಾಕಿದರೆ ನೀವು ಏನು ಕಲಿಯುತ್ತೀರಿ? ಕೈ ಬಂದರೆ ಊಟ ಹೋಗುತ್ತದೆ ಎಂದು. ಮರಿಯೂ ಅದನ್ನೇ ಕಲಿಯುತ್ತದೆ. ಏಳಕ್ಕೂ ಒಂದೇ ದೊಡ್ಡ ತಟ್ಟೆ ಇಡುವುದನ್ನು ಬಿಟ್ಟು ಬೇರೆ ಬೇರೆ ಬಟ್ಟಲು ಇಡಿ, ತಿನ್ನುತ್ತಿರುವಾಗ ಹತ್ತಿರ ಹೋಗಿ ಇನ್ನಷ್ಟು ರುಚಿಯಾದದ್ದನ್ನು ಹಾಕಿ ಬನ್ನಿ. ಕೈ ಬಂದರೆ ಲಾಭ ಎಂದಾಗಲಿ.

ಮಲಗುವ ಜಾಗದಿಂದ ದೂರ ಹೋಗಿ ಹೊಲಸು ಮಾಡುವ ಬುದ್ಧಿ ಮರಿಗೆ ಮೂರನೇ ವಾರದಿಂದಲೇ ಬರುತ್ತದೆ, ಅದಕ್ಕೆ ಅವಕಾಶ ಮಾತ್ರ ಬೇಕು. ಆವರಣದ ಒಂದು ತುದಿಯಲ್ಲಿ ಹಾಸಿಗೆ, ಇನ್ನೊಂದು ತುದಿಯಲ್ಲಿ ಬೇರೆ ಬಗೆಯ ಹಾಸು ಇಡಿ. ಕೋಣೆಯಿಡೀ ಪತ್ರಿಕೆ ಹರಡಿದರೆ ಎಲ್ಲಿ ಬೇಕಾದರೂ ಮಾಡಬಹುದೆಂಬ ಪಾಠವಾಗುತ್ತದೆ. ಎಂಟೂವರೆ ವಾರದ ಹೊತ್ತಿಗೆ ಯಾವ ನೆಲದ ಮೇಲೆ ಮಾಡಬೇಕೆಂಬ ಒಲವು ಗಟ್ಟಿಯಾಗುತ್ತದೆ, ಆದ್ದರಿಂದ ಈ ಕೆಲಸವೂ ಮುಖ್ಯವಾಗಿ ನಿಮ್ಮದೇ.

ಆರನೇ ವಾರದಿಂದ ಒಂದೊಂದೇ ಮರಿಯನ್ನು ಗುಂಪಿನಿಂದ ಬೇರೆ ಮಾಡಿ, ಐದು ನಿಮಿಷ ಇನ್ನೊಂದು ಕೋಣೆಯಲ್ಲಿ ನಿಮ್ಮ ಜೊತೆ ಆಡಿಸಿ. ಕಿವಿ ನೋಡಿ, ಬಾಯಿ ತೆರೆಸಿ, ಪಾದ ಹಿಡಿದು ಉಗುರಿನ ತುದಿ ಕತ್ತರಿಸಿ. ಆಮೇಲೆ ಒಂದೆರಡು ನಿಮಿಷ ಒಂಟಿಯಾಗಿ ಬಿಡಿ. ಇಲ್ಲದಿದ್ದರೆ ಅದು ಜೀವನದಲ್ಲಿ ಮೊದಲ ಬಾರಿಗೆ ಒಂಟಿಯಾಗುವುದು ಹೊಸ ಮನೆಯ ಮೊದಲ ರಾತ್ರಿಯಲ್ಲೇ. ಕಾರಿನಲ್ಲಿ ಹತ್ತು ನಿಮಿಷದ ಸುತ್ತನ್ನೂ ಎರಡು ಮೂರು ಸಲ ಮಾಡಿಸಿ, ಮೊದಲ ಸಲ ಇಬ್ಬಿಬ್ಬರನ್ನು ಜೊತೆಯಾಗಿ. ಬುಟ್ಟಿಯಲ್ಲೋ ತೋಳಿನಲ್ಲೋ ಎತ್ತಿಕೊಂಡು ರಸ್ತೆಯನ್ನು ತೋರಿಸಬಹುದು. ಬೇರೆ ನಾಯಿಗಳು ಓಡಾಡುವ ನೆಲಕ್ಕೆ ಮಾತ್ರ ಇಳಿಸಬೇಡಿ.

ಯಾರಿಗೆ ಯಾವುದು

ಏಳನೇ ವಾರದಲ್ಲಿ, ಸರಿಯಾಗಿ 49ನೇ ದಿನ, ಪರೀಕ್ಷೆ ಮಾಡಿ ಮರಿಯ ಸ್ವಭಾವ ನಿರ್ಧರಿಸುವ ಪದ್ಧತಿ ಇದೆ. ಬೆನ್ನು ಕೆಳಗೆ ಮಾಡಿ ಹಿಡಿಯುವುದು, ಚೆಂಡು ಎಸೆಯುವುದು, ಕೊಡೆ ಬಿಚ್ಚುವುದು, ಅಂಕ ಹಾಕುವುದು. 2014ರಲ್ಲಿ ಬಾರ್ಡರ್ ಕಾಲಿ ನಾಯಿಗಳ ಮೇಲೆ ಪ್ರಕಟವಾದ ಒಂದು ಅಧ್ಯಯನದಲ್ಲಿ ಆ ವಯಸ್ಸಿನ ಪರೀಕ್ಷೆಗೂ ದೊಡ್ಡವಾದ ಮೇಲಿನ ಸ್ವಭಾವಕ್ಕೂ ಹೊಂದಿಕೆ ಬಹಳ ಕಡಿಮೆ ಕಂಡಿತು. ಹೊಸದನ್ನು ಹುಡುಕಾಡುವ ಉತ್ಸಾಹವೊಂದೇ ಸ್ವಲ್ಪ ಮಟ್ಟಿಗೆ ಉಳಿದುಕೊಂಡಿತ್ತು. ಹದಿನೈದು ನಿಮಿಷದ ಪರೀಕ್ಷೆಗಿಂತ ನೀವು ಎಂಟು ವಾರ ಕಣ್ಣಾರೆ ಕಂಡದ್ದು ಹೆಚ್ಚು ನಂಬಲರ್ಹ. ಕುತ್ತಿಗೆಗೆ ಬೇರೆ ಬೇರೆ ಬಣ್ಣದ ದಾರ ಕಟ್ಟಿ, ದಿನಕ್ಕೆರಡು ಸಾಲು ಬರೆದಿಡಿ. ಯಾವುದು ಮೊದಲು ಬಾಗಿಲಿಗೆ ಓಡುತ್ತದೆ, ಯಾವುದು ನಿಂತು ನೋಡಿ ಆಮೇಲೆ ಬರುತ್ತದೆ. ಗಲಾಟೆಯ ಮನೆಗೆ ಯಾವುದು, ವಯಸ್ಸಾದ ದಂಪತಿಗೆ ಯಾವುದು ಎಂದು ಆರಿಸುವವರು ನೀವಾಗಬೇಕು. ಮೊದಲು ಬಂದವರು ಬಣ್ಣ ನೋಡಿ ಎತ್ತಿಕೊಂಡು ಹೋಗುವ ಪದ್ಧತಿ ಬೇಡ.

ಎರಡು ಮರಿ ಕೇಳಿದವರಿಗೆ ಒಂದೇ ಕೊಡಿ. ಒಂದಕ್ಕೊಂದು ಜೊತೆಯಾಗುತ್ತದೆ ಎಂಬುದು ಅವರ ಲೆಕ್ಕ, ಮತ್ತು ಅದು ನಿಜವೂ ಹೌದು. ತೊಂದರೆ ಇರುವುದೂ ಅಲ್ಲಿಯೇ. ಎರಡೂ ಒಂದನ್ನೊಂದು ನೋಡಿಕೊಂಡು ಬೆಳೆಯುತ್ತವೆ, ಮನೆಯವರ ಮಾತು ಹಿಂದೆ ಬೀಳುತ್ತದೆ, ಬೇರೆ ಮಾಡಿದರೆ ಎರಡೂ ಊಳಿಡುತ್ತವೆ. ಪ್ರತಿದಿನ ಇಬ್ಬರಿಗೂ ಪ್ರತ್ಯೇಕವಾಗಿ ಊಟ, ನಡಿಗೆ, ತರಬೇತಿ ಕೊಡಬಲ್ಲ ಅನುಭವಿಗಳಿಗೆ ಇದು ಸಾಧ್ಯ. ಅಂಥವರು ಸಾಮಾನ್ಯವಾಗಿ ಎರಡು ಕೇಳುವುದಿಲ್ಲ ಎಂಬುದು ಬೇರೆ ಮಾತು. ಇನ್ನೊಂದು ಬೇಕೇಬೇಕು ಎಂದರೆ ಮೊದಲನೆಯದಕ್ಕೆ ಒಂದೂವರೆ ವರ್ಷವಾದ ಮೇಲೆ ಯೋಚಿಸಲಿ.

ಎಂಟನೇ ವಾರ ಎಲ್ಲ ಮರಿಗಳನ್ನೂ ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ. ಹೊಕ್ಕುಳ ಬಳಿ ಗಂಟು, ಗಂಡುಮರಿಯ ವೃಷಣ ಇಳಿದಿಲ್ಲದಿರುವುದು, ಹಲ್ಲಿನ ಜೋಡಣೆ, ಎದೆಯಲ್ಲಿ ಮರ್ಮರ ಸದ್ದು, ಇವು ಕಂಡರೆ ಬರೆದುಕೊಡಿ. ಮರಿಗಳಲ್ಲಿ ಕೇಳುವ ಮೆಲುವಾದ ಮರ್ಮರ ಎಷ್ಟೋ ಸಲ ಐದು ತಿಂಗಳೊಳಗೆ ತಾನೇ ಹೋಗುತ್ತದೆ. ಮುಚ್ಚಿಟ್ಟ ದೋಷ ಮಾತ್ರ ನಂಬಿಕೆಯನ್ನು ತೆಗೆದುಕೊಂಡು ಹೋಗುತ್ತದೆ. ತಂದೆತಾಯಿಯ ಸೊಂಟ ಮತ್ತು ಮೊಣಕೈ ಕೀಲಿನ ಎಕ್ಸ್‌ರೇ, ಕಣ್ಣಿನ ಪರೀಕ್ಷೆ ಆಗಿದ್ದರೆ ಪ್ರತಿ ಕೊಡಿ. ಆಗಿಲ್ಲದಿದ್ದರೆ ಆಗಿಲ್ಲ ಎಂದೇ ಹೇಳಿ. ಈ ತಳಿಯಲ್ಲಿ ಕೀಲಿನ ತೊಂದರೆ ವಂಶದಲ್ಲಿ ಬರುವುದು ಸಾಮಾನ್ಯ, ಅದನ್ನು ಜೋಡಿ ಕಟ್ಟುವ ಮುಂಚೆಯೇ ನೋಡಬೇಕಿತ್ತು.

ಮರಿಯ ಜೊತೆ ಹೋಗಬೇಕಾದ ಕಾಗದಗಳು ಹೆಚ್ಚೇನಿಲ್ಲ: ಲಸಿಕೆಯ ಸೀಸೆಯ ಮೇಲಿನ ಚೀಟಿ ಅಂಟಿಸಿದ ಪುಸ್ತಕ, ಜಂತುಹುಳು ಔಷಧಿಯ ಹೆಸರು ಮತ್ತು ದಿನಾಂಕ, ವಾರವಾರದ ತೂಕ, ಮೈಕ್ರೋಚಿಪ್ ಹಾಕಿಸಿದ್ದರೆ ಅದರ 15 ಅಂಕಿಯ ಸಂಖ್ಯೆ. ಈಗ ತಿನ್ನುತ್ತಿರುವ ಆಹಾರವನ್ನೇ ಹತ್ತು ದಿನಕ್ಕಾಗುವಷ್ಟು ಕಟ್ಟಿಕೊಡಿ. ಬದಲಿಸುವುದಿದ್ದರೆ ಆಮೇಲೆ, ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ. ಮೊದಲ ದಿನವೇ ಆಹಾರ ಬದಲಿಸಿ ಹಸುವಿನ ಹಾಲು ಕುಡಿಸಿ, ಭೇದಿಯಾದಾಗ ಪಾರ್ವೊ ಎಂದು ಗಾಬರಿಯಲ್ಲಿ ಓಡಿಬರುವವರನ್ನು ನಾನು ಪ್ರತಿ ತಿಂಗಳೂ ನೋಡುತ್ತೇನೆ. ತಾಯಿಯ ಹಾಸಿಗೆಯಲ್ಲಿ ಮೂರು ನಾಲ್ಕು ದಿನ ಇಟ್ಟ ಒಂದು ಬಟ್ಟೆಯ ತುಂಡನ್ನೂ ಕೊಡಿ. ಮೊದಲ ರಾತ್ರಿಗಳಲ್ಲಿ ಮರಿಯ ಪೆಟ್ಟಿಗೆಯನ್ನು ಹಾಸಿಗೆಯ ಪಕ್ಕದಲ್ಲೇ ಇಟ್ಟುಕೊಳ್ಳಲು ಹೇಳಿ. 'ಅಳಲಿ ಬಿಡಿ, ಅಭ್ಯಾಸವಾಗುತ್ತದೆ' ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಅಳುವ ಮರಿ ಹಟ ಮಾಡುತ್ತಿಲ್ಲ, ಗುಂಪಿನಿಂದ ತಪ್ಪಿಹೋದೆ ಎಂದು ಕೂಗುತ್ತಿದೆ.

ಒಂದು ಷರತ್ತನ್ನು ಮಾತ್ರ ಬರವಣಿಗೆಯಲ್ಲೇ ಇಡಿ. ಯಾವ ವಯಸ್ಸಿನಲ್ಲಾಗಲಿ, ಯಾವ ಕಾರಣಕ್ಕಾಗಲಿ ಸಾಕಲಾಗದಿದ್ದರೆ ನಾಯಿ ನಿಮ್ಮಲ್ಲಿಗೇ ಮರಳಬೇಕು, ಬೀದಿಗಲ್ಲ, ಬೇರೆಯವರಿಗೂ ಅಲ್ಲ. ನೀವು ಒಮ್ಮೆ ಹಾಗೆ ವಾಪಸ್ ಪಡೆದಿದ್ದೀರಿ, ಅದಕ್ಕಾಗಿ ನಿಮ್ಮ ಬಗ್ಗೆ ನನಗೆ ಗೌರವವಿದೆ.

ವಾಪಸ್ ಬಂದ ನಾಯಿ

ಅದನ್ನು ಮರಿಗಳ ಜೊತೆ ಒಂಟಿಯಾಗಿ ಯಾವತ್ತೂ ಬಿಡಬೇಡಿ. ಮರಿಗಳಿರುವಾಗ ತಾಯಿಯೇ ಅದರ ಮೇಲೆ ಬೀಳಬಹುದು. ಆರನೇ ವಾರದ ನಂತರ ಕಂಬಿಯ ತಡೆಯಾಚೆಯಿಂದ ನೋಡಲು ಬಿಡಿ. ಬಾಲ ಸಡಿಲವಾಗಿ ಆಡಿಸುತ್ತ, ನೆಲಕ್ಕೆ ಬಾಗಿ, ಬೇಸರವಾದಾಗ ತಾನೇ ಎದ್ದು ಹೋದರೆ ಒಳ್ಳೆಯ ಸೂಚನೆ. ಕಣ್ಣು ಕೀಲಿಸಿ ಮೈ ಬಿಗಿ ಮಾಡಿ ನಿಂತರೆ ಆ ಪ್ರಯತ್ನವನ್ನೇ ಬಿಡಿ. ಮರಿ ನೋಡಲು ಮಕ್ಕಳು ಬರುವ ದಿನಗಳಲ್ಲಂತೂ ಅದು ಬೇರೆ ಕೋಣೆಯಲ್ಲಿರಲಿ. ಅದರ ಕಚ್ಚುವಿಕೆಗೆ ನೋವು ಕಾರಣವೇ ಎಂದು ಒಮ್ಮೆ ಸೊಂಟ, ಮೊಣಕೈ, ಕಿವಿಗಳನ್ನು ಪರೀಕ್ಷೆ ಮಾಡಿಸಿ, ಆಮೇಲೆ ತರಬೇತಿಯ ಮಾತು.

ಇನ್ನೊಂದು ವಿಷಯ ನೀವು ಬರೆದಿಲ್ಲ, ಅದಕ್ಕೇ ಕೇಳುತ್ತಿದ್ದೇನೆ: ಆ ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆಯೇ? ಅದು ಈ ತಾಯಿಯ ಮಗ, ಒಂದೇ ಸೂರಿನಡಿ ಇದೆ. ಮರಿಗಳು ಹೋದ ಎರಡು ಮೂರು ತಿಂಗಳಲ್ಲೇ ತಾಯಿ ಮತ್ತೆ ಬೆದೆಗೆ ಬರಬಹುದು. ಶಸ್ತ್ರಚಿಕಿತ್ಸೆಯಾದ ಮೇಲೂ ಸುಮಾರು ಒಂದು ತಿಂಗಳು ಗಂಡಿನಿಂದ ಗರ್ಭ ನಿಲ್ಲುವ ಸಾಧ್ಯತೆ ಉಳಿದಿರುತ್ತದೆ. ಬೆದೆ ಕಾಣಿಸಿದ ಮೇಲೆ ಆಸ್ಪತ್ರೆಗೆ ಓಡಿದರೆ ಪ್ರಯೋಜನವಿಲ್ಲ, ಮರಿಗಳ ಮೊದಲ ಲಸಿಕೆಗೆ ಹೋದಾಗಲೇ ಅದಕ್ಕೂ ಒಂದು ದಿನ ಗೊತ್ತುಮಾಡಿಕೊಂಡು ಬನ್ನಿ.